ಮಾವಿನಹಾಳದ ಆರು ಚೀಟಿ

ಹಂಪಯ್ಯನವರು ಮೂವತ್ತನಾಲ್ಕು ವರ್ಷ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿದರು. ಅದಕ್ಕೆ ಸರ್ಕಾರ ಸಂಬಳ ಕೊಡುತ್ತಿತ್ತು. ಸಂಜೆ ಚಂಪಾಪೇಟೆಯ ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದರು.

ಆ ವಿಭಾಗದಲ್ಲಿ ಪ್ರತಿಯೊಬ್ಬ ತಪಾಸಣೆಗಾರನಿಗೂ ಒಂದೊಂದು ರಬ್ಬರ್ ಮುದ್ರೆ ಕೊಡುತ್ತಿದ್ದರು. ಎಂಟಾಣೆಯಷ್ಟು ಅಗಲದ ಒಂದು ಸುತ್ತು, ಅದರೊಳಗೆ ತ್ರಿಕೋನ, ತ್ರಿಕೋನದೊಳಗೆ ಒಂದು ಅಂಕಿ. ಹಂಪಯ್ಯನವರದು ಹದಿನೇಳು. ಅಕ್ಷರ ಒಂದೂ ಇಲ್ಲ. ಮುದ್ರೆ ಬಿದ್ದರೆ ವಸ್ತು ಕಾರ್ಖಾನೆಯ ಮುಂದಿನ ವಿಭಾಗಕ್ಕೆ ಹೋಗಬೇಕು, ಬೀಳದಿದ್ದರೆ ಅದು ಈ ಭೂಮಿಯ ಮೇಲೆ ಹುಟ್ಟೇ ಇಲ್ಲ. ಇದು ಅಲ್ಲಿಯ ಧರ್ಮ. ರಬ್ಬರ್ ಸವೆದಾಗ ಹೊಸದನ್ನು ಕೊಟ್ಟು ಹಳೆಯದನ್ನು ಸುಟ್ಟುಹಾಕುತ್ತಿದ್ದರು. ತಮ್ಮ ಇಡೀ ನೌಕರಿಯಲ್ಲಿ ಹಂಪಯ್ಯನವರು ಮುರಿದ ನಿಯಮ ಇದೊಂದೇ: ಒಂದು ಸವೆದ ಮುದ್ರೆಯನ್ನು ಸುಡಲು ಮನಸ್ಸು ಬರದೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಅವರು ನೋಡಿ ಸರಿಯೆಂದ ಯಾವ ಕಾಗದವೂ ಮುದ್ರೆಯಿಲ್ಲದೆ ಉಳಿಯಲಿಲ್ಲ. ಗ್ಯಾಸಿನ ಪುಸ್ತಕ, ಕರೆಂಟ್ ಬಿಲ್ಲು, ಮಗಳ ಅಂಕಪಟ್ಟಿ, ಬೀಗರು ಕಳಿಸಿದ ಲಗ್ನಪತ್ರಿಕೆ, ಎಲ್ಲದರ ಬೆನ್ನ ಮೇಲೂ ನೇರಳೆ ಬಣ್ಣದ ಹದಿನೇಳು. ಹೆಂಡತಿ ಸೂಗಮ್ಮ ರಾಯಚೂರಿನ ಹೆಣ್ಣುಮಗಳು, ಮಾತಿನಲ್ಲಿ ಸಾಲ ಇಟ್ಟುಕೊಳ್ಳುವವಳಲ್ಲ.

“ತಾಟಿಗೆ ಹೋಳಿಗಿ ಹಾಕಿದ್ರ ಈ ಮನಿಶಾ ಮೊದಲು ಅಂಚು ನೋಡತಾನ,” ಎಂದು ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳು. “ನನ್ನ ಹಣೀಗೆ ಮಾತ್ರ ಇನ್ನೂ ಮುದ್ರಿ ಒತ್ತಿಲ್ಲ ನೋಡ್ರಿ. ಮದುವ್ಯಾಗಿ ಮೂವತ್ತು ವರ್ಷಾತು, ನಾ ಇನ್ನೂ ತಪಾಸಣ್ಯಾಗ ಇದ್ದೀನಿ.”

ಇಂಥ ಮನುಷ್ಯ ಸಂಗ್ರಹದ ಹುಚ್ಚಿಗೆ ಬಿದ್ದದ್ದು ಸಾವಿರದೊಂಬೈನೂರ ತೊಂಬತ್ನಾಲ್ಕರಲ್ಲಿ, ಕೋಠಿಯ ಒಂದು ಗಲ್ಲಿಯಲ್ಲಿ. ಮಗಳ ಗಣಿತದ ಗೈಡು ಕೊಳ್ಳಲು ಹೋದವರು ಯಶವಂತ ಎಂಬ ಹಳೇ ಕಾಗದದ ವ್ಯಾಪಾರಿಯ ಅಂಗಡಿಯಲ್ಲಿ, ಅಫ್ಜಲ್‌ಗಂಜ್ ಕಡೆಯ ಮುಚ್ಚಿಹೋದ ಛಾಪಖಾನೆಯೊಂದರ ರದ್ದಿಯಲ್ಲಿ, ಆರು ಪುಟ್ಟ ಚೀಟಿ ಕಂಡರು. ಬಸ್ ಟಿಕೆಟಿಗಿಂತ ಸ್ವಲ್ಪ ದೊಡ್ಡವು. ಒಂದೇ ಬದಿ ಅಚ್ಚು, ಹಿಂದೆ ಖಾಲಿ. ನಡುವೆ ಒಂದು ಆನೆ, ಮೇಲೆ ಕನ್ನಡದಲ್ಲಿ ‘ಮಾವಿನಹಾಳ ಸಂಸ್ಥಾನ’, ಕೆಳಗೆ ‘ಒಂದು ಆಣೆ’, ‘ಅರ್ಧ ಆಣೆ’. ನಂಬರಿನ ಜಾಗದಲ್ಲಿ ನಂಬರಿಲ್ಲ, ಸಹಿಯ ಜಾಗದಲ್ಲಿ ಸಹಿಯಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರವೆಲ್ಲ ಯುದ್ಧಕ್ಕೆ ಹೋಗಿ ಪೇಟೆಯಲ್ಲಿ ಚಿಲ್ಲರೆಯೇ ಕಾಣೆಯಾಗಿತ್ತು. ಆಗ ಎಷ್ಟೋ ಸಣ್ಣ ಸಂಸ್ಥಾನಗಳು ಕಾಸಿನ ಬದಲು ಕಾಗದದ ಚೀಟಿ ಅಚ್ಚು ಹಾಕಿಸಿ ಕೆಲಸ ಸಾಗಿಸಿದವು. ಪೂರ್ತಿ ಅಚ್ಚು ಹಾಕುವ ಮುಂಚೆ ಛಾಪಖಾನೆಯವರು ನಾಲ್ಕಾರು ಮಾದರಿ ತೆಗೆದು ಅರಸರಿಗೆ ತೋರಿಸುತ್ತಿದ್ದರು. ಸಂಗ್ರಾಹಕರು ಅದನ್ನು ಟ್ರಯಲ್ ಎನ್ನುತ್ತಾರೆ. ಚಲಾವಣೆಯ ಚೀಟಿ ಸಾವಿರ ಸಿಗಬಹುದು, ಟ್ರಯಲ್ ಸಿಗುವುದು ಒಂದೋ ಎರಡೋ. ಘಟಪ್ರಭೆಯ ದಂಡೆಯ ಇಪ್ಪತ್ತೆರಡು ಹಳ್ಳಿಗಳ ಈ ಮಾವಿನಹಾಳದ್ದಂತೂ ಚಲಾವಣೆಯ ಚೀಟಿಯೇ ಯಾರ ಕೈಯಲ್ಲೂ ಇರಲಿಲ್ಲ. ಇದ್ದದ್ದು ಈ ಆರು ಟ್ರಯಲ್ ಮಾತ್ರ.

ಒಂದಾಣೆಯ ಒಂದು ಚೀಟಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ತೆಳ್ಳಗೆ ಬರೆದಿದ್ದರು: ‘ಆನಿ ಸೊಂಡಿ ಎತ್ತಿರಬೇಕು.’ ಇನ್ನೊಂದು ಚೀಟಿಯಲ್ಲಿ ಆನೆ ನಿಜವಾಗಿಯೂ ಸೊಂಡಿಲೆತ್ತಿತ್ತು! ಯಾರೋ ಅರಸನೋ ದಿವಾನನೋ ತಪ್ಪು ಹಿಡಿದಿದ್ದಾನೆ, ಅಚ್ಚಿನವನು ತಿದ್ದಿದ್ದಾನೆ. ಹಂಪಯ್ಯನವರಿಗೆ ತಮ್ಮ ಗೋತ್ರದವನೊಬ್ಬ ಸಿಕ್ಕಷ್ಟು ಆನಂದವಾಯಿತು. ಆರನ್ನೂ ಕೊಂಡು ಮನೆಗೆ ತಂದು, ಆ ದಿನವೆಲ್ಲ ಭೂತಗನ್ನಡಿ ಹಿಡಿದು ನೋಡಿದರು. ಕಲ್ಲಚ್ಚಿನ ಗೆರೆ ಸರಿ, ಕಾಗದ ಸರಿ, ಮಸಿ ಸರಿ. ಪೂರ್ತಿ ಸಮಾಧಾನವಾಯಿತು. ಸಮಾಧಾನವಾದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಯಿತು. ಠಕ್, ಠಕ್, ಠಕ್. ಆರರ ಬೆನ್ನಿಗೂ ಹದಿನೇಳು ಬಿತ್ತು.

ಹಳೆಯ ಚೀಟಿಯ ಮೇಲೆ ಒಂದು ಚುಕ್ಕೆ ಇಡುವುದೂ ಸಂಗ್ರಾಹಕರಲ್ಲಿ ಮಹಾಪಾತಕ ಎಂಬುದು ಅವರಿಗೆ ತಿಳಿದದ್ದು ಎರಡು ವರ್ಷದ ಮೇಲೆ, ನಾಂಪಲ್ಲಿಯಲ್ಲಿ ಸೇರುತ್ತಿದ್ದ ಸಂಗ್ರಾಹಕರ ಬಳಗಕ್ಕೆ ಹೋಗತೊಡಗಿದಾಗ. ಅಂದು ಮನೆಗೆ ಬಂದು ಆರನ್ನೂ ಮಗುಚಿ ನೋಡಿದರು, ತಲೆಗೆ ಕೈ ಹಚ್ಚಿ ಕೂತರು. ಅವತ್ತಿನಿಂದ ಬಳಗದಲ್ಲಿ ಯಾರಿಗೂ ಚೀಟಿಯ ಬೆನ್ನು ತೋರಿಸಲಿಲ್ಲ.

ಬಳಗದವರೂ ಕೇಳಲಿಲ್ಲ ಎನ್ನಿ. ಸಂದೇಹಪಡಲು ಅವರಿಗೆ ಮುಖವೇ ಸಾಕಾಗಿತ್ತು. ಮಾವಿನಹಾಳ ಚೀಟಿ ಹೊರಡಿಸಿದ್ದಕ್ಕೆ ಯಾವ ದಾಖಲೆಯಿದೆ ಎಂದು ಕೇಳುತ್ತಿದ್ದರು. ದಾಖಲೆ ಇರಲಿಲ್ಲ. ಹಂಪಯ್ಯನವರು ರಜೆ ಹಾಕಿ ಬೆಳಗಾವಿಗೆ ಹೋದರು, ಮುಂಬಯಿಗೆ ಹೋದರು, ಇಪ್ಪತ್ತೆರಡು ಹಳ್ಳಿಗಳ ಹೆಸರು ಪಟ್ಟಿ ಮಾಡಿಕೊಂಡು ಬಂದರು. ಚೀಟಿಯ ಸುದ್ದಿ ಮಾತ್ರ ಎಲ್ಲೂ ಸಿಗಲಿಲ್ಲ. ಬಳಗದ ಸಭೆಗೆ ಅವರು ಕಾಲಿಟ್ಟರೆ “ಬಂತಪ್ಪ ಆನಿ” ಎಂದು ಹಿಂದಿನ ಸಾಲಿನಿಂದ ಒಂದು ದನಿ ಬರುತ್ತಿತ್ತು. ಅವರು ನಗುತ್ತಿದ್ದರು. ನಕ್ಕು ಮನೆಗೆ ಬಂದು ಉಣ್ಣದೆ ಮಲಗುತ್ತಿದ್ದರು.

ಅವರಿಗೆ ಬೇಕಾದದ್ದು ಒಂದೇ. ಸಣ್ಣ ಸಂಸ್ಥಾನಗಳ ಚೀಟಿಗಳ ದೊಡ್ಡ ಪಟ್ಟಿಯೊಂದನ್ನು ಬಳಗ ಪುಸ್ತಕವಾಗಿ ತರಲಿತ್ತು. ಅದರಲ್ಲಿ ಮಾವಿನಹಾಳ ಬರಬೇಕು. ಇಲ್ಲದಿದ್ದರೆ ಆ ಸಂಸ್ಥಾನ, ಆ ಆನೆ, ಪೆನ್ಸಿಲಿನವನು, ಅವರೊಂದಿಗೆ ತಮ್ಮ ಇಪ್ಪತ್ತೇಳು ವರ್ಷ, ಎಲ್ಲವೂ ಯಶವಂತನ ರದ್ದಿಗೆ ವಾಪಸ್ಸು.

ಪುಸ್ತಕ ಮಾಡುತ್ತಿದ್ದವನು ಶ್ರೀಹರ್ಷ, ಧಾರವಾಡದವನು, ಬಳಗದ ಕಾರ್ಯದರ್ಶಿ. ಅವನು ಕ್ಯಾಮೆರಾ ಹಿಡಿದು ಚಂಪಾಪೇಟೆಗೆ ಬಂದ ದಿನ ಸೂಗಮ್ಮ ಗಿರ್ಮಿಟ್ಟು ಮಾಡಿದ್ದಳು. ಶ್ರೀಹರ್ಷ ಮುಖದ ಚಿತ್ರ ತೆಗೆದ. ಆಮೇಲೆ, ಯಾರನ್ನೂ ಕೇಳದೆ, ಚಿಮಟಿಗೆಯಲ್ಲಿ ಎತ್ತಿ ಮಗುಚಿದ.

“ಕಾಕಾ, ಇದೇನ್ರಿ ಮುದ್ರಿ?”

ಹಂಪಯ್ಯನವರು ಚಹಾದ ಬಟ್ಟಲನ್ನು ಅವನತ್ತ ಸರಿಸಿದರು. ಹೇಳಬೇಕಿತ್ತು. ಹೇಳಿದರೆ, ಇಷ್ಟು ವರ್ಷ ಬೇರೆಯವರ ತಪ್ಪು ಹಿಡಿದ ಮನುಷ್ಯ ತಾನೇ ಚೀಟಿ ಹೊಲಸು ಮಾಡಿದ ಎಂದು ಹಿಂದಿನ ಸಾಲಿನವರಿಗೆ ಹಬ್ಬ.

“ಚಹಾ ಆರಾಕತ್ತೈತಿ, ಕುಡೀಪಾ,” ಎಂದರು.

ಶ್ರೀಹರ್ಷ ಚಹಾ ಕುಡಿದ, ಮತ್ತೆ ಕೇಳಲಿಲ್ಲ.

ಎಂಟು ತಿಂಗಳಿಗೆ ಪುಸ್ತಕ ಬಂತು. ಇಂಗ್ಲಿಷಿನಲ್ಲಿತ್ತು, ನೂರಾ ಹನ್ನೆರಡನೆಯ ಪುಟದಲ್ಲಿ ಮಾವಿನಹಾಳ. ಎರಡು ಚೀಟಿಗಳ ಬಣ್ಣದ ಚಿತ್ರ, ಅವುಗಳ ಬೆನ್ನಿನದೂ. ಹಂಪಯ್ಯನವರು ಕನ್ನಡಕ ಏರಿಸಿ, ಸೂಗಮ್ಮನಿಗೆ ಕನ್ನಡ ಮಾಡುತ್ತ ಓದಿದರು: ಈ ಚೀಟಿಗಳ ಬಗ್ಗೆ ಬಹುಕಾಲ ಸಂದೇಹವಿತ್ತು, ಆದರೆ ಹಿಂಬದಿಯಲ್ಲಿರುವ ಖಜಾನೆಯ ಮುದ್ರೆಯಿಂದ ಇವು ಅಧಿಕೃತವೆಂದು ಸಿದ್ಧವಾಗಿದೆ, ತ್ರಿಕೋನವು ಅರಸು ಮನೆತನದ ತ್ರಿಶೂಲದ ಸಂಕ್ಷಿಪ್ತ ರೂಪ, ಹದಿನೇಳು ಎಂಬುದು ಖಜಾನೆಯ ಅಧಿಕಾರಿಯ ಕ್ರಮಸಂಖ್ಯೆಯಿರಬೇಕು.

ಓದುತ್ತ ಓದುತ್ತ ದನಿ ಇಳಿಯಿತು.

“ನಿಂದರಿ, ನಿಂದರಿ,” ಎಂದಳು ಸೂಗಮ್ಮ. “ಗ್ಯಾಸಿನ ಪುಸ್ತಕದ ಮ್ಯಾಲೂ ಐತಲ್ರಿ ಈ ತ್ರಿಶೂಲ? ಅಂದ್ರ ನಮ್ಮ ಸಿಲಿಂಡರೂ ಅರಮನೀದs ಏನು?”

“ಸುಮ್ಮಿರು.”

“ನಾ ಸುಮ್ಮಿರತೀನಿ. ನೀವು ಸುಮ್ಮಿರಬ್ಯಾಡ್ರಿ. ಇವತ್ತs ಫೋನ್ ಹಚ್ಚಿ ಹೇಳ್ರಿ ಆ ಹುಡುಗಗ.”

ಹೇಳುತ್ತೇನೆ ಎಂದರು. ನಾಳೆ ಎಂದರು. ಮರುದಿನ ಬಳಗದವರು ಫೋನು ಮಾಡಿ, ಭಾನುವಾರ ಸನ್ಮಾನ ಇದೆ, ಬಿಳೀ ಅಂಗಿ ಹಾಕಿಕೊಂಡು ಬನ್ನಿ ಎಂದರು. ಭಾನುವಾರ ಶಾಲು ಬಿತ್ತು, ಏಲಕ್ಕಿ ಹಾರ ಬಿತ್ತು. ಹಿಂದಿನ ಸಾಲಿನವರು ಎದ್ದು ಬಂದು ಕೈ ಕುಲುಕಿದರು. ಒಬ್ಬರಂತೂ “ನಾನು ಮೊದಲಿಂದಾನೂ ಹೇಳತಿದ್ದೆ” ಎಂದರು. ಚೀಟಿ ಅಸಲಿಯೇ ತಾನೆ, ಎಂದು ಹಂಪಯ್ಯನವರು ತಮಗೆ ತಾವೇ ಹೇಳಿಕೊಂಡರು. ಫಲಿತಾಂಶ ಸರಿ, ಕಾರಣ ಮಾತ್ರ ತಪ್ಪು. ಕಾರ್ಖಾನೆಯಲ್ಲಿ ಯಾರಾದರೂ ಈ ವಾದ ಹೂಡಿದ್ದರೆ ಅವರ ವಸ್ತುವನ್ನು ಮುಖದ ಮೇಲೆ ಎಸೆಯುತ್ತಿದ್ದರು. ಈಗ ಶಾಲು ಹೊದ್ದು ಫೋಟೋಕ್ಕೆ ನಿಂತರು. ಆ ಸುಖ ನಾಲ್ಕು ತಿಂಗಳು ನಡೆಯಿತು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು.

ಐದನೆಯ ತಿಂಗಳು ವೀರಭದ್ರಪ್ಪ ಬಂದ. ಬೀದರ್ ಕಡೆಯವನು, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಮೇಲ್ವಿಚಾರಕ. ಎರಡು ಬಸ್ಸು ಬದಲಿಸಿ ಬಂದಿದ್ದ. ಬಳಗದಲ್ಲಿ ಹಂಪಯ್ಯನವರನ್ನು ಒಮ್ಮೆಯೂ ಗೇಲಿ ಮಾಡದಿದ್ದವನು ಇವನೊಬ್ಬನೇ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದು, ಪ್ರಸಾದ ಕೊಡುವವನಂತೆ ಎರಡೂ ಕೈಯಲ್ಲಿ ಹಿಡಿದ.

“ಸಾಹೇಬ್ರ, ನಿಮ್ಮ ಕೈಲಿಂದ ಒಮ್ಮೆ ನೋಡಿಕೊಡ್ರಿ. ಮಾವಿನಹಾಳದ ನಾಲ್ಕು ಸಿಕ್ಕಾವ.”

“ಎಲ್ಲಿ?”

“ಯಶವಂತನ ಅಂಗಡ್ಯಾಗ. ನಮ್ಮಪ್ಪನ ಕಾಲದಿಂದ ಕೂಡಿಸಿದ ನಿಜಾಮರ ನಾಣ್ಯ ಎಲ್ಲಾ ಅವಗ ಕೊಟ್ಟು ತಗೊಂಡೀನ್ರಿ.”

ಹಂಪಯ್ಯನವರು ಭೂತಗನ್ನಡಿ ಹಿಡಿದರು. ಆನೆಯ ಹೊಟ್ಟೆಯಲ್ಲಿ ಗೆರೆಯಿಲ್ಲ, ಸಣ್ಣ ಸಣ್ಣ ಬಣ್ಣದ ಚುಕ್ಕಿ; ಕಂಪ್ಯೂಟರಿನ ಅಚ್ಚು. ಪುಸ್ತಕದಲ್ಲಿದ್ದ ಎರಡು ಚಿತ್ರಗಳನ್ನೇ ನಕಲು ಮಾಡಿದ್ದರು. ಅಲ್ಲಿ ಪೆನ್ಸಿಲಿನ ಸಾಲು ಮೂಡಿರಲಿಲ್ಲ, ಇಲ್ಲಿಯೂ ಇರಲಿಲ್ಲ. ಮಗುಚಿದರು. ನಾಲ್ಕರ ಮೇಲೂ ಹದಿನೇಳು, ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ. ಕೈಯಿಂದ ಒತ್ತಿದ ಮುದ್ರೆ ಹಾಗೆ ಬೀಳುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು?

“ವೀರಭದ್ರಪ್ಪ, ಇವು ಖೊಟ್ಟಿ ಅದಾವಪಾ. ಈಗಿಂದೀಗ ಹೋಗಿ ವಾಪಸ್ ಕೊಡು.”

“ಖೊಟ್ಟಿ?” ವೀರಭದ್ರಪ್ಪ ನಕ್ಕ. “ಖಜಾನೆ ಮುದ್ರಿ ಅದಲ್ರಿ? ಪುಸ್ತಕದಾಗ ಬರದಾರಲ್ರಿ, ಮುದ್ರಿ ಇದ್ರ ಅಸಲಿ ಅಂತ? ನಿಮ್ಮ ಹೆಸರೇ ಹಾಕಿ ಬರದಾರ.”

ಅಡುಗೆಮನೆಯ ಬಾಗಿಲಲ್ಲಿ ಸೂಗಮ್ಮ ನಿಂತಿದ್ದಳು. ಅವಳು ಏನೂ ಅನ್ನದೆ ನಿಂತದ್ದನ್ನು ಹಂಪಯ್ಯನವರು ಸಂಸಾರದಲ್ಲಿ ಎರಡೋ ಮೂರೋ ಸಲ ನೋಡಿದ್ದರು.

ಎದ್ದು ಒಳಗೆ ಹೋದರು. ಕಪಾಟಿನಿಂದ ಮುದ್ರೆ, ಮಸಿಯ ಡಬ್ಬಿ ತಂದರು. ಅಂದಿನ ಪೇಪರಿನ ಅಂಚಿನ ಮೇಲೆ ಒತ್ತಿದರು. ಠಕ್. ಸುತ್ತು, ತ್ರಿಕೋನ, ಹದಿನೇಳು.

“ಇದು ನಂದು. ಕಾರ್ಖಾನೀದು. ನನ್ನ ಚೀಟಿಗೂ ನಾನೇ ಒತ್ತೀನಿ, ತೊಂಬತ್ನಾಲ್ಕನೇ ಇಸವ್ಯಾಗ. ಚೀಟಿ ಅಸಲಿ ಅದಾವು, ಮುದ್ರಿ ಅಷ್ಟs ನಂದು. ನಿನ್ನವು ಪುಸ್ತಕ ನೋಡಿ ಮಾಡಿದ್ದು. ಹೋಗು, ಅಂಗಡಿ ಮುಚ್ಚೂದ್ರಾಗ ಹೋಗು.”

ವೀರಭದ್ರಪ್ಪ ಪೇಪರನ್ನು ನೋಡಿದ. ತನ್ನ ಚೀಟಿಗಳನ್ನು ನೋಡಿದ. ಹಂಪಯ್ಯನವರ ಹೆಬ್ಬೆರಳಿಗೆ ಹತ್ತಿದ ನೇರಳೆ ಮಸಿಯನ್ನು ಬಹಳ ಹೊತ್ತು ನೋಡಿದ.

“ಅಂದ್ರ,” ಎಂದ ಮೆಲ್ಲಗೆ, “ಇವೆಲ್ಲಾ ನೀವೇ ಮಾಡೀರಿ.”

“ಅಲ್ಲಪಾ—”

“ಮಾಡಿ ಯಶವಂತನ ಕಡಿಂದ ಮಾರಸಾಕತ್ತೀರಿ. ನಾ ಬಂದು ತೋರಿಸಿದ ಮ್ಯಾಲೆ ಅಂಜಿಕಿ ಬಂದದ.”

“ಅಂಜಿಕಿ ಇದ್ದಿದ್ರ ಮುದ್ರಿ ತಂದು ತೋರಸತಿದ್ನೇನೋ ತಮ್ಮಾ?”

ವೀರಭದ್ರಪ್ಪ ಸೂಗಮ್ಮ ಇಟ್ಟ ನೀರನ್ನು ಮುಟ್ಟಲಿಲ್ಲ. ಮುದ್ರೆ ಬಿದ್ದ ಪೇಪರನ್ನು ಮಾತ್ರ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹೋದ.

ಯಶವಂತ ನಾಣ್ಯಗಳನ್ನು ಆಗಲೇ ಮುಂಬಯಿಗೆ ಸಾಗಿಸಿದ್ದ. “ಪುಸ್ತಕದಾಗ ಇರೋದನ್ನೇ ಮಾರೀನಿ, ಪುಸ್ತಕದವರನ್ನ ಕೇಳ್ರಿ” ಎಂದು ಕೈ ತೊಳೆದುಕೊಂಡ. ಬಳಗದ ತುರ್ತು ಸಭೆ ಕೂಡಿತು. ಹಂಪಯ್ಯನವರು ಮುದ್ರೆಯನ್ನೂ ಆರು ಚೀಟಿಗಳನ್ನೂ ಮೇಜಿನ ಮೇಲಿಟ್ಟು ನಿಂತುಕೊಂಡೇ ಎಲ್ಲ ಹೇಳಿದರು: ಕಾರ್ಖಾನೆ, ಅಭ್ಯಾಸ, ನಾಚಿಕೆ, ಆರಿದ ಚಹಾ. ತಮ್ಮ ತಪ್ಪನ್ನು ಅಷ್ಟು ಕ್ರಮವಾಗಿ ಹೇಳಿದ್ದು ಕಂಡು ಅವರಿಗೇ ಸ್ವಲ್ಪ ಹೆಮ್ಮೆಯಾಯಿತು.

“ಕಾಗದ ಪರೀಕ್ಷಾ ಮಾಡಿಸ್ರಿ,” ಎಂದರು.

“ಹಳೇ ಕಾಗದ ಆಬಿಡ್ಸ್ ಫುಟ್‌ಪಾತಿನಾಗ ತೂಕಕ್ಕ ಸಿಗತೈತ್ರಿ ಕಾಕಾ,” ಎಂದ ಶ್ರೀಹರ್ಷ.

“ಆ ಪೆನ್ಸಿಲ್ ಬರಹ ನೋಡ್ರಿ.”

“ಪೆನ್ಸಿಲ್ ನಮ್ಮ ಮನ್ಯಾಗೂ ಐತ್ರಿ.” ಆಮೇಲೆ ಅವನ ದನಿ ಒಡೆಯಿತು. “ನಾ ಕೇಳಿದ್ನಲ್ರಿ ನಿಮಗ, ಇದೇನು ಅಂತ? ನಿಮ್ಮ ಮನ್ಯಾಗ ಕುಂತು ಕೇಳಿದ್ದೆ. ಅವತ್ತು ಒಂದು ಮಾತು ಹೇಳಾಕ ನಿಮಗ ಏನಾಗಿತ್ತು?”

ಮುದ್ರೆ ಒತ್ತಿದವನು ಅಚ್ಚನ್ನೂ ಹಾಕಿರಬಹುದು ಎಂದು ಸಭೆ ತೀರ್ಮಾನಿಸಿತು. ಉಳಿದ ಎಲ್ಲ ಪ್ರತಿಗಳ ನೂರಾ ಹನ್ನೆರಡನೆಯ ಪುಟದ ಮೇಲೆ ಒಂದು ಬಿಳಿ ಚೀಟಿ ಅಂಟಿಸಿದರು. ‘ಮಾವಿನಹಾಳವನ್ನು ಕೈಬಿಡಲಾಗಿದೆ.’

ಇಲ್ಲಿಗೆ ಮುಗಿದಿದ್ದರೆ ಹಂಪಯ್ಯನವರು ಹೇಗೋ ನುಂಗಿಕೊಳ್ಳುತ್ತಿದ್ದರು. ಒಂದೂವರೆ ವರ್ಷದ ಮೇಲೆ ಯಶವಂತನ ಅಂಗಡಿಗೆ ಮತ್ತೆರಡು ಮಾವಿನಹಾಳ ಬಂದವು. ಯಾವುದೋ ಹಳೆಯ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕವಂತೆ. ಈ ಸಲ ಹಳೆಯ ಜಮಾಖರ್ಚಿನ ಪುಸ್ತಕದ ಖಾಲಿ ಹಾಳೆಯ ಮೇಲೆ ಅಚ್ಚಾಗಿದ್ದವು. ಬೆನ್ನು ಶುಭ್ರ, ಮುದ್ರೆ ಇಲ್ಲ; ಆನೆಯ ಹೊಟ್ಟೆಯಲ್ಲಿ ಮಾತ್ರ ಅವೇ ಕಂಪ್ಯೂಟರಿನ ಚುಕ್ಕಿ. ಬಳಗದ ತಿಳಿದವರು ಕೂತು ವಿಚಾರ ಮಾಡಿದರು. ಹಂಪಯ್ಯ ನಕಲು ಮಾಡಿದ್ದಾನೆಂದರೆ ಯಾವುದೋ ಅಸಲನ್ನು ನೋಡಿಯೇ ಮಾಡಿರಬೇಕು. ನಕಲು ಇದೆಯೆಂದ ಮೇಲೆ ಅಸಲು ಇರಲೇಬೇಕು. ಇಗೋ, ಇದೇ ಅದು. ಪುಸ್ತಕದ ಎರಡನೆಯ ಮುದ್ರಣದಲ್ಲಿ ಮಾವಿನಹಾಳ ಪುನಃ ಬಂತು. ಇಪ್ಪತ್ತೆರಡು ಹಳ್ಳಿಗಳ ಹೆಸರೂ ಬಂದವು, ಹಂಪಯ್ಯನವರು ಬರೆದುಕೊಟ್ಟ ಕ್ರಮದಲ್ಲೇ. ಕೆಳಗೆ ಎಚ್ಚರಿಕೆ: ಹಿಂಬದಿಯಲ್ಲಿ ತ್ರಿಕೋನದ ಮುದ್ರೆ ಇರುವವು ನಕಲಿ.

ಆ ವಾರ ಶ್ರೀಹರ್ಷನ ಫೋನು ಬಂತು. ಮೊದಲು ಆರೋಗ್ಯ ಕೇಳಿದ, ಸೂಗಮ್ಮನವರ ಮೊಣಕಾಲು ಕೇಳಿದ.

“ಕಾಕಾ, ಸಿಟ್ಟಾಗಬ್ಯಾಡ್ರಿ. ಬಳಗದ ಪ್ರದರ್ಶನದಾಗ ಅಸಲಿ ಬಾಜೂಕ ನಕಲಿನೂ ಇಡೂಣು ಅಂತ ಮಾಡೀವ್ರಿ. ಹೊಸಬರಿಗೆ ಫರಕ್ ತಿಳೀಬೇಕಲ್ರಿ. ನಿಮ್ಮವು ಆರು ಕೊಟ್ರ…”

“ಬಾ, ತಗೊಂಡು ಹೋಗು,” ಎಂದರು ಹಂಪಯ್ಯನವರು.

ಸೂಗಮ್ಮ ಕೈಯಲ್ಲಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು. “ಮಾನ ಮರ್ಯಾದಿ ಏನರ ಉಳದೈತೇನ್ರಿ ನಿಮಗ? ನಿಮ್ಮ ಕೂಸಿನ್ನ ನೀವs ಕಳ್ಳರ ಸಾಲಿನ್ಯಾಗ ನಿಲ್ಲಸತೀರೇನು?”

“ಬಾಜೂಕ ಇಡತಾರ. ಎರಡೂ ಒಂದs ಪೆಟ್ಟಿಗ್ಯಾಗ,” ಎಂದರು ಅವರು. “ಕಣ್ಣಿದ್ದವ ಒಬ್ಬನರ ನೋಡತಾನ, ಸೂಗಮ್ಮ. ಒಬ್ಬ ಸಾಕು.”

ಶ್ರೀಹರ್ಷ ತಂದ ಅರ್ಜಿಯಲ್ಲಿ ‘ವಸ್ತುವಿನ ವಿವರ’ ಎಂಬಲ್ಲಿ ಮೊದಲೇ ತುಂಬಿತ್ತು: ನಕಲಿ, ಆರು. ಹಂಪಯ್ಯನವರು ಎರಡು ಸಲ ಓದಿ ಕೆಳಗೆ ಸಹಿ ಹಾಕಿದರು.

ನಾಂಪಲ್ಲಿಯಲ್ಲಿ ಬಳಗ ಸೇರುತ್ತಿದ್ದ ಸಭಾಂಗಣದಲ್ಲಿ ಮೂರು ದಿನ ಪ್ರದರ್ಶನ. ಮೂರು ದಿನವೂ ಹಂಪಯ್ಯನವರು ಬೆಳಿಗ್ಗೆಯೇ ಹೋಗಿ ಆ ಗಾಜಿನ ಪೆಟ್ಟಿಗೆಯ ಹತ್ತಿರ ನಿಂತರು. ಎಡಗಡೆ ಹಸಿರು ಪಟ್ಟಿಯ ಕೆಳಗೆ ಕಂಪ್ಯೂಟರಿನ ಎರಡು ಆನೆ. ಬಲಗಡೆ ಕೆಂಪು ಪಟ್ಟಿಯ ಕೆಳಗೆ ಅವರ ಆರು, ಮುದ್ರೆ ಕಾಣಲೆಂದು ಐದನ್ನು ಬೋರಲು ಹಾಕಿದ್ದರು. ಒಂದು ಮಾತ್ರ ಮುಖ ಮೇಲಾಗಿತ್ತು, ಪೆನ್ಸಿಲಿನದು.

ಮೂರನೆಯ ದಿನ ಮಧ್ಯಾಹ್ನ ವೀರಭದ್ರಪ್ಪ ತನ್ನ ಕಾರ್ಖಾನೆಯ ಇಬ್ಬರನ್ನು ಕರೆದುಕೊಂಡು ಬಂದ. ಹಂಪಯ್ಯನವರನ್ನು ಕಂಡ, ಕಾಣದಂತೆ ಪೆಟ್ಟಿಗೆಯ ಮುಂದೆ ನಿಂತ.

“ಎಡಕ್ಕಿಂದು ಅಸಲಿ, ಬಲಕ್ಕಿಂದು ನಕಲಿ,” ಎಂದು ಅವರಿಗೆ ಹೇಳಿಕೊಟ್ಟ.

ಅವರಲ್ಲೊಬ್ಬ ಬಗ್ಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಬಹಳ ಹೊತ್ತು ನೋಡಿದ. ಹಂಪಯ್ಯನವರು ಜೇಬಿನಿಂದ ಭೂತಗನ್ನಡಿ ತೆಗೆದರು.

“ಹೇಳೋದೇ ಬ್ಯಾಡ, ನೋಡಿದ್ರ ತಿಳೀತದಲ್ಲ,” ಎಂದ ಅವನು ನೆಟ್ಟಗಾಗುತ್ತ. “ಹಳೇದು ಕಾಣಲಿ ಅಂತ ಪೆನ್ಸಿಲಿಲೆ ಏನೋ ಗೀಚ್ಯಾನ ನೋಡು ಮಗ. ಭಾಳ ಶ್ಯಾಣ್ಯಾ ಇದ್ದಾನ.”

ವೀರಭದ್ರಪ್ಪ ನಗಲಿಲ್ಲ. ಆಗ ಮಾತ್ರ ಒಮ್ಮೆ ಹಂಪಯ್ಯನವರತ್ತ ತಿರುಗಿದ. ಹಂಪಯ್ಯನವರು ಭೂತಗನ್ನಡಿಯನ್ನು ಮುಂದೆ ಚಾಚಿದರು.

“ಆನಿ ಹೊಟ್ಟಿ ನೋಡು ವೀರಭದ್ರಪ್ಪ. ಎಡಗಡೀದು. ಚುಕ್ಕಿ ಕಾಣತಾವು.”

“ಗಾಜು ತೆಗಿಲಿಕ್ಕೆ ಬರೂದಿಲ್ರಿ,” ಎಂದ ವೀರಭದ್ರಪ್ಪ, ಜೊತೆಯವರನ್ನು ಕರೆದುಕೊಂಡು ಮುಂದಿನ ಪೆಟ್ಟಿಗೆಗೆ ನಡೆದ.